ಕೆರಿಯಪ್ಪನ ಹಿಡಿ

ಕೆರಿಯಪ್ಪನವರೇ, ಆ ದಿನ ಬೆಳಿಗ್ಗೆ ಕಾರಿನ ಕಡ್ಡಿ ಹಿಂದಿರಲಿಲ್ಲ; ಮುಂದಿತ್ತು. ಹಿಂದಿದೆಯೆಂದು ತಮಗೆ ಹೇಳಿದವನು ನಾನು. ನೋಡದೆ ಹೇಳಿದೆ. ತಮ್ಮ ಬಲಗೈ ಮುರಿದದ್ದು ತಮ್ಮ ಹಿಡಿತದ ದೋಷದಿಂದಲ್ಲ, ನನ್ನ ಒಂದು ಮಾತಿನಿಂದ. ಆಮೇಲೆ ತಪ್ಪು ತಮ್ಮದೇ ಎಂದು ವಕೀಲರ ಮುಂದೆ ಸುಳ್ಳು ಹೇಳಿದವನೂ ನಾನೇ. ಈ ಸಂಗತಿಯನ್ನು ಸಂಬಂಧಪಟ್ಟ ಎಲ್ಲರ ಅವಗಾಹನೆಗಾಗಿ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಕೈಬರಹದಲ್ಲಿ ಬರೆದು ತಮಗೆ ಒಪ್ಪಿಸುತ್ತಿದ್ದೇನೆ.

ತಮಗೆ ಓದು ಬಾರದೆಂಬುದು ನನಗೆ ಗೊತ್ತು. ಆದ್ದರಿಂದ ಇದನ್ನು ತಮ್ಮ ಮಗಳೋ ಮತ್ತೊಬ್ಬರೋ ಗಟ್ಟಿಯಾಗಿ ಓದಬೇಕಾಗುತ್ತದೆ, ಸುತ್ತ ನಾಲ್ಕು ಜನ ಕುಳಿತು ಕೇಳುತ್ತಾರೆ. ಕೇಳಲಿ. ತಮಗೆ ಚೆನ್ನಾಗಿ ತಿಳಿದಿರುವ ವಿಷಯಗಳನ್ನೂ ಇಲ್ಲಿ ವಿವರಿಸುತ್ತಿರುವುದು ಆ ನಾಲ್ಕು ಜನರ ಸಲುವಾಗಿ. ನಾನು ಬದುಕೆಲ್ಲ ಬೇರೆಯವರ ಪರವಾಗಿ ಅರ್ಜಿ ಬರೆದವನು. ನನ್ನ ಪರವಾಗಿ — ಅಲ್ಲ, ನನ್ನ ವಿರುದ್ಧ — ಬರೆಯುತ್ತಿರುವುದು ಇದೇ ಮೊದಲು. ಕಚೇರಿಯ ಮಾತುಗಳ ಹೊರತು ಬೇರೆ ಮಾತು ನನ್ನ ಕೈಗೆ ಬರುವುದಿಲ್ಲ. ತಪ್ಪಿದ್ದಲ್ಲಿ ಮನ್ನಿಸಬೇಕೆಂದು ಬರೆಯಹೊರಟೆ. ಆ ಪದವನ್ನು ಈ ಕಾಗದದಲ್ಲಿ ಬಳಸುವ ಹಕ್ಕು ನನಗಿಲ್ಲವೆಂದು ನಿಲ್ಲಿಸಿದ್ದೇನೆ.

ಅದು ಐವತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ವಕೀಲ ಶೇಷಗಿರಿರಾಯರಿದ್ದರು. ನಾನು ಅವರ ಗುಮಾಸ್ತ, ತಾವು ಅವರ ಡ್ರೈವರು. ಅವರ ಕಾರು ಎಂಟು ಕುದುರೆ ಶಕ್ತಿಯದು, ಕ್ಯಾನ್ವಾಸಿನ ಮಾಡಿನದು, ಆಗಲೇ ಇಪ್ಪತ್ತೈದು ವರ್ಷದ ಮುದುಕಿ. ಯಾವನೋ ಇಂಗ್ಲಿಷ್ ದೊರೆ ಊರು ಬಿಡುವಾಗ ಬಿಟ್ಟುಹೋದದ್ದು. ಸೊರಬದ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ತಕರಾರುಗಳಿದ್ದ ದಿನ ನಾವು ಮೂವರೂ ಅದರಲ್ಲಿ ಶಿರಾಳಕೊಪ್ಪದ ಮೇಲೆ ಹೋಗಿಬರುತ್ತಿದ್ದೆವು. ರಾಯರು ಹಿಂದೆ ಕಾಗದ ಓದುತ್ತ, ನಾನು ಮುಂದೆ ತಮ್ಮ ಪಕ್ಕದಲ್ಲಿ, ಮೊಣಕಾಲ ಮೇಲೆ ದಫ್ತರಿನ ಗಂಟು ಇಟ್ಟುಕೊಂಡು.

ಆ ಕಾರನ್ನು ನಾನು ಹೇಗೆ ಮೆಚ್ಚಿದ್ದೆನೆಂಬುದನ್ನು ದಾಖಲಿಸದಿದ್ದರೆ ಮುಂದಿನದು ಅರ್ಥವಾಗದು. ರಾಯರ ಗೆಳೆಯರೊಬ್ಬರು ಕಳುಹಿಸುತ್ತಿದ್ದ ಹಳೆಯ ಇಂಗ್ಲಿಷ್ ಮೋಟಾರು ಪತ್ರಿಕೆಗಳನ್ನು ನಾನು ದಾವೆಯ ಕಾಗದಕ್ಕಿಂತ ಶ್ರದ್ಧೆಯಿಂದ ಓದುತ್ತಿದ್ದೆ. ಎರಡು ತಾಲ್ಲೂಕಿನಲ್ಲಿ ಯಾರಿಗಾದರೂ ಹಳೆಯ ಕಾರು ಕೊಳ್ಳುವ ಮನಸ್ಸಾದರೆ, "ರಾಯರ ಗುಮಾಸ್ತರನ್ನ ಒಂದು ಮಾತು ಕೇಳ್ರಿ" ಎನ್ನುವುದು ರೂಢಿಯಾಗಿತ್ತು. ನಾನು ಹೇಳುತ್ತಿದ್ದುದು ಇಷ್ಟು: ಕಡಿಮೆ ಬೆಲೆಗೆ ಸಂತೋಷ ಬೇಕಿದ್ದರೆ ದೊಡ್ಡ ಹಳೆಯ ಕಾರು ಬೇಡ, ಸಣ್ಣ ಹಳೆಯ ಕಾರು ಕೊಳ್ಳಿ. ಹದಿನಾರು ಕುದುರೆಯ ಭಾರಿ ಗಾಡಿ ಸೊರಬದ ದಾರಿಯ ತಿರುವಿನಲ್ಲಿ ಎಮ್ಮೆಯಂತೆ ತಿರುಗುತ್ತದೆ. ಎಂಟರ ಗಾಡಿ ಮೇಕೆಯಂತೆ ನೆಗೆಯುತ್ತದೆ. ವೇಗ ಬೇರೆ, ಉಲ್ಲಾಸ ಬೇರೆ. ಇಪ್ಪತ್ತೈದು ಮೈಲಿ ವೇಗದಲ್ಲಿ ಹೋಗುತ್ತ ಐವತ್ತರಲ್ಲಿ ಹೋದಷ್ಟು ಎದೆ ಹಾರುವುದು ಈ ಸಣ್ಣ ಮುದುಕಿಯರಲ್ಲಿ ಮಾತ್ರ. ಬಣ್ಣ ನೋಡಬೇಡಿ, ಕಾಲಡಿಯ ಹಲಗೆ ಎತ್ತಿ ನೋಡಿ. ಮಾರುವವನು ಮೊದಲೇ ಎಂಜಿನ್ನು ಬಿಸಿ ಮಾಡಿಟ್ಟಿದ್ದರೆ ವಾಪಸು ಬನ್ನಿ. ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅದು ಕಟಕಟ ಮಾತಾಡಿದರೆ ನೀವು ಬೆಲೆ ಮಾತಾಡಬೇಡಿ.

ಇವುಗಳಲ್ಲಿ ಅರ್ಧ ಪತ್ರಿಕೆಯವು. ಉಳಿದರ್ಧ ತಮ್ಮವು, ಕೆರಿಯಪ್ಪನವರೇ. ಚಕ್ರ ಮಾತಾಡುವುದು, ಹಲಗೆ ಎತ್ತುವುದು, ಎಮ್ಮೆ, ಮೇಕೆ — ಎಲ್ಲವೂ ದಾರಿಯಲ್ಲಿ ತಾವು ಆಡಿದ ಮಾತುಗಳು. ಅವನ್ನು ನನ್ನ ಅಭಿಪ್ರಾಯಗಳೆಂದು ಊರಿಗೆ ಹಂಚಿದೆ. ಇದು ಸಣ್ಣ ಕಳವು. ದೊಡ್ಡದು ಮುಂದಿದೆ.

ಆ ಕಾರಿನ ಸ್ಟೇರಿಂಗಿನ ನಡುವೆ ಒಂದು ಚಿಕ್ಕ ಕಡ್ಡಿ ಇತ್ತು. ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕೆಂಬುದನ್ನು ಅದರಿಂದ ನಾವೇ ಹೇಳಬೇಕು. ಓಡುವಾಗ ಕಡ್ಡಿ ಮುಂದೆ. ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲು ಹಾಕಿ ತಿರುಗಿಸಿ ಚಾಲೂ ಮಾಡುವಾಗ ಹಿಂದೆ. ಹೊಸ ಕಾರುಗಳು ಇದನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ, ಆದ್ದರಿಂದ ಅವು ಮಂಕು ಎಂದು ನಾನು ಭಾಷಣ ಮಾಡುತ್ತಿದ್ದೆ. ಹಳೆಯ ಕಾರು ಮನುಷ್ಯನನ್ನು ಕೇಳಿ ನಡೆಯುತ್ತದೆ, ಅದರ ಸುಖವೇ ಅದು ಎನ್ನುತ್ತಿದ್ದೆ. ಕೇಳಿದಾಗ ಸರಿಯಾದ ಉತ್ತರ ಕೊಡಬೇಕೆಂಬುದು ಮಾತ್ರ —

ಬ್ಯಾಟರಿ ಯಾವಾಗಲೂ ಸೋತಿರುತ್ತಿದ್ದುದರಿಂದ ಹ್ಯಾಂಡಲು ಹಾಕುವುದೇ ಪದ್ಧತಿ. ತಾವು ಮುಂದೆ ಬಾಗಿ ಹ್ಯಾಂಡಲು ಹಿಡಿಯುವಿರಿ, ನಾನು ತಮ್ಮ ಸೀಟಿನಲ್ಲಿ ಕುಳಿತು ಕಡ್ಡಿ ನೋಡಿಕೊಳ್ಳುವೆ. ಪ್ರತಿ ಸಲವೂ, ಮಳೆಯಿರಲಿ ಬಿಸಿಲಿರಲಿ, ತಾವು ಕೇಳದೆ ಹ್ಯಾಂಡಲು ತಿರುಗಿಸಿದವರಲ್ಲ. "ಕಡ್ಡಿ ಹಿಂದೆ ಐತೇನ್ರೀ?" ನಾನು ನೋಡಿ, "ಐತಿ" ಎನ್ನಬೇಕು. ಆಮೇಲೆಯೇ ತಿರುಗಿಸುವುದು. ಅದೂ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ, ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ಹೊರಗಿಟ್ಟು. ಕಡ್ಡಿ ಮುಂದಿದ್ದರೆ ಕಿಡಿ ಹೊತ್ತಿಗೆ ಮೊದಲೇ ಹಾರಿ ಹ್ಯಾಂಡಲು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿದ್ದವನ ಹೆಬ್ಬೆರಳಿನ ಬುಡವೇ ಕಿತ್ತುಬರುತ್ತದೆ. ಈ ಹಿಡಿತವನ್ನು ನನಗೆ ಕಲಿಸಿದವರು ತಾವು. ಬಸ್ಸಿನವರಿಗೂ ಲಾರಿಯವರಿಗೂ ಕಲಿಸಿದವರು ತಾವು.

ಆ ದಿನ ಸೊರಬಕ್ಕೆ ಹೊರಡಬೇಕಿತ್ತು. ರಾಯರು ಒಳಗೆ ಪೇಟ ಸುತ್ತಿಕೊಳ್ಳುತ್ತಿದ್ದರು. ಶಿರಾಳಕೊಪ್ಪದ ಬೆಲ್ಲದ ಮಂಡಿಯ ವೀರಭದ್ರಪ್ಪನವರು, ತಮಗೊಂದು ಹಳೆಯ ಕಾರು ಯಾವುದು ಒಳ್ಳೆಯದೆಂದು ಕೇಳಲು ಬಂದವರು, ನನ್ನ ಪಕ್ಕದ ಸೀಟಿನಲ್ಲಿ ಹೇಗೋ ತುರುಕಿಕೊಂಡು ಕುಳಿತಿದ್ದರು.

"ಏನ್ರಿ ಗುಮಾಸ್ತ್ರ, ಇದು ಕಾರೋ ಹೊಲಿಗಿ ಮಿಶನ್ನೋ? ಕಾಲಾಗ ತುಳೀಬೇಕೇನು?"

ಮುಂದಿನಿಂದ ತಾವು, "ನೀವು ಹತ್ತಿದ್ಮೇಲೆ ಎತ್ತು ಕಟ್ಟಬೇಕಾಗ್ತದೇನೋ ಸಾಹುಕಾರ್ರೆ" ಎಂದಿರಿ. ಅವರ ನಗೆಗೆ ಕಾರೇ ಅಲ್ಲಾಡಿತು.

ನಾನು ನಗಲಿಲ್ಲ. ನನಗೆ ಹೇಳುವುದಿತ್ತು. ಕಡ್ಡಿಯ ಮಹಿಮೆಯನ್ನು ಅವರಿಗೆ ತೋರಿಸುತ್ತಿದ್ದೆ — ಹೀಗೆ ಹಿಂದೆ, ಹೀಗೆ ಮುಂದೆ, ನೋಡಿ ಸಾಹುಕಾರರೇ, ಬೆರಳ ತುದಿಯಲ್ಲಿ ಎಂಜಿನ್ನಿನ ಉಸಿರು. ಕಡ್ಡಿಯನ್ನು ಮುಂದಕ್ಕೆ ತಳ್ಳಿದ ಕ್ಷಣ ಅವರು ಏನೋ ಕೇಳಿದರು. ಹತ್ತರ ಕಾರು ಮೇಲೋ ಎಂಟರದು ಮೇಲೋ ಎಂದಿರಬೇಕು. ನಾನು ಅವರ ಕಡೆಗೆ ತಿರುಗಿ ಉತ್ತರ ಶುರುಮಾಡಿದೆ. ಆಗ ತಮ್ಮ ಧ್ವನಿ ಬಂತು.

"ಗುಮಾಸ್ತರೆ, ಕಡ್ಡಿ ಹಿಂದೆ ಐತೇನ್ರೀ?"

"ಐತಿ, ಹೊಡಿ."

ಇಷ್ಟೇ. ಮಾತಿನ ನಡುವೆ ನೊಣ ಓಡಿಸಿದಂತೆ ಹೇಳಿದೆ. ತಲೆ ತಿರುಗಿಸಲಿಲ್ಲ.

ಸದ್ದು ಹೇಗಿತ್ತೆಂದು ಬರೆಯಲಾರೆ. ಹ್ಯಾಂಡಲು ಒದೆದದ್ದು ಮೊದಲು ಕೇಳಿಸಿತು, ಆಮೇಲೆ ಇನ್ನೊಂದು ಸಣ್ಣ ಸದ್ದು. ಬಾನೆಟ್ಟಿನ ಆಚೆ ತಮ್ಮ ತಲೆ ಕೆಳಗಿಳಿಯಿತು. ವೀರಭದ್ರಪ್ಪನವರು ನನಗೆ ಬೆನ್ನು ಹಾಕಿ, ಬಾಗಿಲು ತೆರೆದು ಇಳಿಯಲು ಒದ್ದಾಡುತ್ತಿದ್ದರು. ಅಷ್ಟರಲ್ಲಿ — ಇದನ್ನು ಓದುವವರು ನಿಧಾನವಾಗಿ ಓದಬೇಕು — ಅಷ್ಟರಲ್ಲಿ ನನ್ನ ಕೈ ಕಡ್ಡಿಯನ್ನು ಹಿಂದಕ್ಕೆ ಎಳೆದಿತ್ತು. ತಮ್ಮ ಕಡೆಗೆ ಓಡುವುದಕ್ಕೂ ಮೊದಲು. ನನ್ನ ಕೈ ಅಷ್ಟು ಬುದ್ಧಿವಂತ ಕೈಯೆಂದು ಆವರೆಗೆ ನನಗೆ ತಿಳಿದಿರಲಿಲ್ಲ.

ರಾಯರು ಅರ್ಧ ಸುತ್ತಿದ ಪೇಟದಲ್ಲೇ ಹೊರಗೆ ಬಂದರು. "ಏನಾಯ್ತೋ ಕೆರಿಯಾ? ಕಡ್ಡಿ ಯಾರು ನೋಡಿದ್ದು?"

"ಕಡ್ಡಿ ಹಿಂದೆಯೇ ಇದೆ, ನೋಡಿ ಸ್ವಾಮಿ," ಎಂದೆ. "ಹೆಬ್ಬೆರಳು ಸುತ್ತಿ ಹಿಡಿದುಬಿಟ್ಟಿದ್ದಾನೆ."

ರಾಯರು ಬಗ್ಗಿ ನೋಡಿದರು. ಕಡ್ಡಿ ಹಿಂದಿತ್ತು. ಕಾರಿನ ವಿಷಯದಲ್ಲಿ ನನ್ನ ಮಾತಿನ ಮೇಲೆ ಅವರು ಎಂದೂ ಮಾತಾಡಿದವರಲ್ಲ. ತಾವು ನೆಲದ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದಿರಿ. ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಈಗ ಬೈಯುತ್ತಾರೆ, ಈಗ ನಿಜ ಹೊರಗೆ ಬೀಳುತ್ತದೆ ಎಂದುಕೊಂಡೆ — ಬೀಳಲಿ ಎಂದೂ ಅಂದುಕೊಂಡೆನೇನೋ. ತಾವು ಹೇಳಿದ್ದು ಬೇರೆ.

"ಗುಮಾಸ್ತರು ನೋಡೇ ಹೇಳಿದ್ರು ಸ್ವಾಮಿ. ಹಂಗಾದ್ಮೇಲೆ ನನ್ನ ಕೈಯೇ ತಪ್ಪಿರ್ಬೇಕು."

ನನ್ನ ಮೇಲಿನ ತಮ್ಮ ನಂಬಿಕೆಯೇ ತಮ್ಮ ವಿರುದ್ಧ ಸಾಕ್ಷಿಯಾಯಿತು. ನನ್ನ ವೃತ್ತಿಜೀವನದಲ್ಲಿ ಇಂಥ ಸಾಕ್ಷಿ ಮತ್ತೊಂದನ್ನು ಕಂಡಿಲ್ಲ.

ಸೊರಬದ ಕಡೆಯ ಮೂಳೆ ಕಟ್ಟುವವರು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ನಾಲ್ಕು ತಿಂಗಳ ಮೇಲೆ ರಾಯರು ಹೇಳಿಕಳುಹಿಸಿದರು: ಹ್ಯಾಂಡಲು ಬೇರೆಯವರು ಹಾಕಲಿ, ಸ್ಟೇರಿಂಗು ನೀನೇ ಹಿಡಿ, ಬಾ. ತಾವು ಬಂದಿರಿ. ಕಾರನ್ನು ಒಂದು ಸುತ್ತು ಹಾಕಿ ನೋಡಿದಿರಿ, ಹತ್ತಲಿಲ್ಲ. "ಬ್ಯಾಡ ಸ್ವಾಮಿ. ಇಷ್ಟು ವರ್ಷದ ಕೈ ನಂಗೆ ಹೇಳ್ದೆ ಹೆಬ್ಬೆಟ್ಟು ಸುತ್ತೈತೆ ಅಂದ್ರೆ, ನಾಳೆ ತಿರುವಿನಾಗೆ ಏನು ಮಾಡ್ತದೋ? ನಿಮ್ಮನ್ನ ಕೂರಿಸ್ಕೊಂಡು ಹೋಗೋ ಧೈರ್ಯ ನಂಗಿಲ್ಲ." ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಒಂದೇ ಒಂದು ವಾಕ್ಯ ಸಾಕಿತ್ತು. ಕೆಲಸ ತಮ್ಮದಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ, ಕೈ ತಮ್ಮದಾಗುತ್ತಿತ್ತು. ನಾನು ಆಡಲಿಲ್ಲ. ತಾವು ಸೊರಬದಾಚೆಯ ತಮ್ಮ ಹಳ್ಳಿಗೆ, ತುಂಡು ಹೊಲಕ್ಕೆ ಹೊರಟುಹೋದಿರಿ.

ಆಮೇಲೆ ಕಾರನ್ನು ಓಡಿಸಿದವನು ನಾನು. ಇದನ್ನೂ ಮುಚ್ಚಿಡುವಂತಿಲ್ಲ. ಆರು ವರ್ಷ ಓಡಿಸಿದೆ. ಸೊರಬದ ದಾರಿಯಲ್ಲಿ, ಭಾನುವಾರಗಳಂದು ಚಂದ್ರಗುತ್ತಿಯ ಏರಿನಲ್ಲಿ, ಬಂದಳಿಕೆಯ ಕಡೆಯ ಬಯಲಿನಲ್ಲಿ. ಸಂತೋಷವಾಗುತ್ತಿತ್ತು. ಪಶ್ಚಾತ್ತಾಪದಿಂದ ಸ್ಟೇರಿಂಗು ಸುಡುತ್ತಿತ್ತೆಂದು ಬರೆದರೆ ಅದು ಇನ್ನೊಂದು ಸುಳ್ಳು. ಸುಡಲಿಲ್ಲ. ಎರಡನೆಯ ಗೇರಿನಲ್ಲಿ ಅದು ಏರನ್ನು ಹತ್ತುವಾಗ ಹಾಡಿಕೊಳ್ಳುತ್ತಿತ್ತು, ನಾನೂ ಹಾಡಿಕೊಳ್ಳುತ್ತಿದ್ದೆ. ತಮ್ಮಿಂದ ಕಿತ್ತುಕೊಂಡ ಸಂತೋಷ ನನಗೆ ಪೂರ್ತಿ ದಕ್ಕಿತು. ಇದನ್ನು ನೆನೆದಾಗಲೇ ನನಗೆ ನನ್ನ ಮೇಲೆ —

ಇರಲಿ. ಇದಕ್ಕಿಂತ ಕೆಟ್ಟದ್ದನ್ನು ಇನ್ನೂ ಬರೆದಿಲ್ಲ.

ಹಳೆಯ ಕಾರು ಕೊಳ್ಳಲು ಅಭಿಪ್ರಾಯ ಕೇಳಲು ಬಂದವರಿಗೆಲ್ಲ ನಾನು ಹ್ಯಾಂಡಲಿನ ಹಿಡಿತ ತೋರಿಸಿಕೊಡುತ್ತಿದ್ದೆ. ಹೆಬ್ಬೆರಳು ಸುತ್ತಬೇಡಿ, ನಮ್ಮ ಕೆರಿಯಪ್ಪನ ಕೈ ಏನಾಯಿತು ನೋಡಿದಿರಲ್ಲ ಎನ್ನುತ್ತಿದ್ದೆ. ಒಂದು ಸಲ ಹೇಳಿದ್ದರೆ ಭಯದಿಂದ ಹೇಳಿದೆನೆನ್ನಬಹುದಿತ್ತು. ನೂರು ಸಲ ಹೇಳಿದೆ. ಹೇಳಿ ಹೇಳಿ ನಾನೇ ನಂಬುವ ಹಾಗಾಗಿತ್ತು. ವೀರಭದ್ರಪ್ಪನವರು ಮಂಡಿಯಲ್ಲಿ ಹೇಳಿದರು, ಲಾರಿಯವರು ಬಸ್ಸಿನವರಿಗೆ ಹೇಳಿದರು. ನೋಡುನೋಡುತ್ತ ಹೆಬ್ಬೆರಳು ಸುತ್ತಿ ಹಿಡಿಯುವ ತಪ್ಪು ಹಿಡಿತಕ್ಕೆ ಎರಡು ತಾಲ್ಲೂಕಿನಲ್ಲಿ ಒಂದು ಹೆಸರು ನಿಂತಿತು: ಕೆರಿಯಪ್ಪನ ಹಿಡಿ. "ಏ, ಕೆರಿಯಪ್ಪನ ಹಿಡಿ ಹಿಡೀಬ್ಯಾಡ, ಕೈ ಹೋದೀತು." ಸರಿಯಾದ ಹಿಡಿತವನ್ನು ಎಲ್ಲರಿಗೂ ಕಲಿಸಿದವರ ಹೆಸರು ತಪ್ಪು ಹಿಡಿತಕ್ಕೆ ಅಂಟಿತು. ಹ್ಯಾಂಡಲಿನ ಕಾರುಗಳು ಹೋದವು. ಹೊಲದ ಪಂಪಿನ ಎಂಜಿನ್ನುಗಳು ಬಂದವು, ಅವಕ್ಕೂ ಹ್ಯಾಂಡಲು. ಹೆಸರು ಹೊಲಕ್ಕಿಳಿಯಿತು. ತಮ್ಮನ್ನು ಕಣ್ಣಿನಿಂದ ಕಾಣದವರೂ ಇಂದು ಅದನ್ನು ಹೇಳುತ್ತಾರೆ.

ಶಿರಾಳಕೊಪ್ಪದ ಸಂತೆಯ ದಿನ ತಮ್ಮನ್ನು ಕಂಡದ್ದು, ಕೈ ಮುರಿದು ಹತ್ತು ವರ್ಷವಾದ ಮೇಲೆ. ತಾವು ಸೌತೆಕಾಯಿಯ ರಾಶಿಯ ಹಿಂದೆ ಕುಳಿತಿದ್ದಿರಿ. ಬಸ್ಸಿನವರಿಬ್ಬರು ಹೊಸಬನೊಬ್ಬನನ್ನು ಕರೆತಂದು, "ಕೆರಿಯಣ್ಣ, ನಿನ್ನ ಹಿಡಿ ಇವನಿಗೊಂಚೂರು ತೋರ್ಸಪ್ಪ" ಎಂದರು. ತಾವು ಸೌತೆಕಾಯಿಯೊಂದನ್ನು ಎತ್ತಿ ಹಿಡಿದಿರಿ. "ಹಿಂಗೆ ಹಿಡಿದ್ರೆ ನನ್ನ ಹಿಡಿ, ಸೌತೆಕಾಯಿ ಮಾರಾಕೆ ಬರ್ತೀಯ. ಹಿಂಗೆ ಹಿಡಿದ್ರೆ ಡ್ರೈವರಾಗೇ ಸಾಯ್ತೀಯ." ಎಲ್ಲರೂ ನಕ್ಕರು. ತಾವೇ ಎಲ್ಲರಿಗಿಂತ ಹೆಚ್ಚು ನಕ್ಕಿರಿ. ನಾನು ಸರಿದುಹೋಗುವಷ್ಟರಲ್ಲಿ ಕಣ್ಣಿಗೆ ಬಿದ್ದೆ.

ಅವರು ಹೋದ ಮೇಲೆ ತಾವು ನಗೆ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದಿರಿ: "ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬಾರ್ದು. ಆವತ್ತು ನೀವು ಸೀಟಿನಾಗೆ ಕೂತಿದ್ರಿ. ನನ್ನ ಹೆಬ್ಬೆಟ್ಟು ಒಳಗಿತ್ತೋ ಹೊರಗಿತ್ತೋ? ನೀವು ಕಣ್ಣಾರೆ ಕಂಡ್ರಾ?"

ಹತ್ತು ವರ್ಷ ತಾವು ಆ ಪ್ರಶ್ನೆಯನ್ನು ಎಲ್ಲಿಯೋ ಕಾಪಾಡಿಕೊಂಡಿದ್ದಿರಿ. ತಮ್ಮ ಕೈ ತಪ್ಪಿರಲಾರದೆಂಬ ಒಂದು ಚೂರು ನಂಬಿಕೆ ಇನ್ನೂ ಉಳಿದಿತ್ತು. ಅದನ್ನು ನನ್ನ ಮುಂದೆ ಹಿಡಿದಿರಿ. ಆ ಸೀಟಿನಿಂದ ಹ್ಯಾಂಡಲು ಹಿಡಿದ ಕೈ ಕಾಣುವುದೇ ಇಲ್ಲ, ಬಾನೆಟ್ಟು ಅಡ್ಡ ಬರುತ್ತದೆ. ಕಾಣಲಿಲ್ಲ ಎಂದಿದ್ದರೂ ಸಾಕಿತ್ತು. ನಿಜ ಹೇಳುವ ಅಗತ್ಯವೂ ಇರಲಿಲ್ಲ, ಸುಳ್ಳು ಹೇಳದಿದ್ದರೆ ಸಾಕಿತ್ತು.

"ಒಳಗಿತ್ತು," ಎಂದೆ.

"ಹಂಗಾದ್ರೆ ಸರಿ ಬಿಡ್ರಿ," ಎಂದಿರಿ. ಹಣ ಬೇಡವೆಂದು ನನ್ನ ಚೀಲಕ್ಕೆ ನಾಲ್ಕು ಸೌತೆಕಾಯಿ ಹಾಕಿದಿರಿ.

ಕಾರಿನ ಮುಂದೆ ಆಡಿದ ಮಾತು ಉದಾಸೀನದ್ದು. ರಾಯರ ಮುಂದಿನದು ಹೆದರಿಕೆಯದು. ಈ ಮೂರನೆಯದಕ್ಕೆ ನನ್ನಲ್ಲಿ ಹೆಸರಿಲ್ಲ. ಆ ಹೊತ್ತಿಗೆ ರಾಯರು ತೀರಿಹೋಗಿದ್ದರು, ಕಾರು ಗುಜರಿಗೆ ಹೋಗಿತ್ತು, ನನ್ನ ಕೆಲಸಕ್ಕೆ ಯಾವ ಭಯವೂ ಇರಲಿಲ್ಲ. ಆದರೂ ಹೇಳಿದೆ.

ಈಗ ನನಗೆ ಅರವತ್ತು ದಾಟಿದೆ, ತಮಗೆ ಎಪ್ಪತ್ತು. ಕಳೆದ ತಿಂಗಳು ತಮ್ಮ ಜಗಲಿಗೆ ಬಂದು ಕುಳಿತು, ಇಲ್ಲಿ ಬರೆದಿರುವುದಷ್ಟನ್ನೂ ಬಾಯಿಯಲ್ಲಿ ಹೇಳಿದೆ. ತಾವು ಎದ್ದು ಹೊಡೆಯುವಿರೆಂದು, ಉಗಿಯುವಿರೆಂದು, ಅಳುವಿರೆಂದು ಎಲ್ಲಕ್ಕೂ ಸಿದ್ಧನಾಗಿ ಬಂದಿದ್ದೆ. ತಾವು ನಂಬಲಿಲ್ಲ. ಇದಕ್ಕೆ ಮಾತ್ರ ಸಿದ್ಧನಿರಲಿಲ್ಲ.

"ಸುಮ್ಕಿರ್ರಿ ಮಾರಾಯ್ರೆ. ವಯಸ್ಸಾಯ್ತು ನಿಮಗೆ. ನನ್ನ ಸಮಾಧಾನಕ್ಕೆ ಅಂತ ನಿಮ್ಮ ತಲೆ ಮ್ಯಾಲೆ ಎಳ್ಕೊಬ್ಯಾಡ್ರಿ. ನಂಗೆ ಈಗ್ಲೂ ಚೆನ್ನಾಗಿ ನೆನಪೈತೆ, ಹೆಬ್ಬೆಟ್ಟು ಹಿಂಗೆ ಸುತ್ಕೊಂಡಿತ್ತು. ಕಬ್ಬಿಣ ತಣ್ಣಗೆ ಹತ್ತಿತ್ತು. ಕಾಫಿ ಕುಡೀರಿ."

ನಡೆಯದ್ದನ್ನು ತಾವು ನೆನಪಿಟ್ಟುಕೊಂಡಿದ್ದೀರಿ. ಕಬ್ಬಿಣದ ತಂಪು ಸಮೇತ. ನಾನು ಹೇಳಿದ ಸುಳ್ಳು ತಮ್ಮೊಳಗೆ ಹೋಗಿ ತಮ್ಮದೇ ನೆನಪಾಗಿ ಕುಳಿತಿದೆ, ಈಗ ನಾನೇ ಬಂದು ಕರೆದರೂ ಅದು ಎದ್ದು ಬರುವುದಿಲ್ಲ.

ತಮ್ಮ ಪತ್ನಿ ಗುತ್ಯಮ್ಮನವರು ಮಾತ್ರ ನನ್ನ ಹಿಂದೆಯೇ ರಸ್ತೆಯವರೆಗೆ ನಡೆದು ಬಂದರು. "ನೀವು ಹೇಳಿದ್ದು ನಿಜವೇನ್ರಿ?" ಎಂದರು. ನಿಜ ಎಂದೆ. ತಿರುಗಿ ಜಗಲಿಯ ಕಡೆ ನೋಡಿದರು. ಆಮೇಲೆ, "ಇಷ್ಟು ವರ್ಷದಿಂದ ಅವರು ಕೊಡಲಿ ಹಿಡೀಲಿ, ಕೊಡಪಾನ ಹಿಡೀಲಿ, ಮೊದ್ಲು ಹೆಬ್ಬೆಟ್ಟು ಎಲ್ಲೈತೆ ಅಂತ ನೋಡ್ಕೊಂತಾರೆ. ಊಟಕ್ಕೆ ಕೂತಾಗ್ಲೂ. ಬರೆದು ಕಳ್ಸಿ. ಕಾಗದ ಅಂದ್ರೆ ಅವರಿಗೆ ನಂಬಿಕೆ. ನೀವು ಮಾತ್ರ ಇನ್ನೊಂದ್ಸಲ ಬರಬ್ಯಾಡಿ, ನಿಮ್ಮ ಮುಖ ನೋಡಾಕೆ ನನ್ನಿಂದ ಆಗಲ್ಲ" ಎಂದರು.

ಆದ್ದರಿಂದ ಈ ಕಾಗದ. ಗುತ್ಯಮ್ಮನವರ ಮಾತಿನಂತೆ ನಾನು ಬರುವುದಿಲ್ಲ. ಇದರ ಇನ್ನೆರಡು ಪ್ರತಿಗಳನ್ನು ಬರೆದು ಶಿರಾಳಕೊಪ್ಪದ ಬಸ್ ನಿಲ್ದಾಣದ ಹೋಟೆಲಿನಲ್ಲಿಯೂ ಸೊರಬದಲ್ಲಿ ಎಂಜಿನ್ನು ರಿಪೇರಿ ಮಾಡುವವರ ಅಂಗಡಿಯಲ್ಲಿಯೂ ಓದಿಸುತ್ತೇನೆ. ಆ ತಪ್ಪು ಹಿಡಿತಕ್ಕೆ ತಮ್ಮ ಹೆಸರು ಸಲ್ಲದೆಂದು ಹೇಳುತ್ತೇನೆ. ಯಾರೂ ಬಿಡುವುದಿಲ್ಲವೆಂದು ಬಲ್ಲೆ. ಜನರ ಬಾಯಿಯಲ್ಲಿ ಕುಳಿತ ಮಾತನ್ನು ಅರ್ಜಿ ಬರೆದು ಎಬ್ಬಿಸಲು ಬರುವುದಿಲ್ಲ. ನಾನು ತೀರಿಕೊಂಡ ಮೇಲೂ, ಯಾವುದೋ ಹೊಲದ ಬದುವಿನಲ್ಲಿ ಯಾವನೋ ಎಂಜಿನ್ನಿಗೆ ಬಾಗಿದವನಿಗೆ ಇನ್ನೊಬ್ಬನು ತಮ್ಮ ಹೆಸರು ಹೇಳಿಯೇ ಎಚ್ಚರಿಸುತ್ತಾನೆ.

ನನ್ನ ಮಾತನ್ನು ತಾವು ನಂಬಬೇಕೆಂದು ಕೋರುವುದಿಲ್ಲ. ನಂಬಿಯೇ ತಾವು ಕೆಟ್ಟಿರಿ. ತಮ್ಮ ಕೈಯನ್ನು ನಂಬಿರಿ. ಹೆಬ್ಬೆರಳು ಸುತ್ತಿದವನಿಗೆ ಮುರಿಯುವುದು ಹೆಬ್ಬೆರಳಿನ ಬುಡ. ಹೊರಗಿಟ್ಟವನ ಮುಷ್ಟಿಯಿಂದ ಹ್ಯಾಂಡಲು ಜಾರಿ ಬಿಡಿಸಿಕೊಂಡು, ಸುತ್ತಿ ಬಂದು ಮುಂಗೈಗೆ ಬಡಿಯುತ್ತದೆ. ಪತ್ರಿಕೆಗಳಲ್ಲಿ ಇದನ್ನು ಚಿತ್ರ ಸಮೇತ ನೋಡಿದ್ದೆ. ತಾವು ನೆಲದ ಮೇಲೆ ಕೈ ಎತ್ತಿಕೊಂಡು ಕುಳಿತಾಗಲೇ ಮುರಿದದ್ದು ಎಲ್ಲಿಯೆಂದು ಕಂಡೆ. ಹೆಬ್ಬೆರಳು ಹೊರಗಿಟ್ಟ ಕೈಗೂ ಹೀಗೆ ಏಟು ಬೀಳುವುದುಂಟೆಂದು ಎರಡು ತಾಲ್ಲೂಕಿನಲ್ಲಿ ಬಲ್ಲವನು ನಾನೊಬ್ಬನೇ ಇದ್ದೆ, ನಾನೇ ಬಾಯಿ ಮುಚ್ಚಿದೆ.

ಇದನ್ನು ಓದುತ್ತಿರುವವರು ಇಲ್ಲಿ ಓದುವುದನ್ನು ನಿಲ್ಲಿಸಿ, ಎದ್ದು ಹೋಗಿ, ಅವರ ಬಲಗೈಯನ್ನು ಹಿಡಿದುಕೊಳ್ಳಬೇಕು. ಸೊಟ್ಟು ಇರುವುದು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ಅದನ್ನು ಅವರಿಗೆ ಮುಟ್ಟಿಸಿ ತೋರಿಸಬೇಕು. ಆಮೇಲೆ ಹೆಬ್ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಅದರ ಬುಡದಲ್ಲಿ ಗಂಟಿಲ್ಲ, ನೋವಿಲ್ಲ, ಊನವಿಲ್ಲ. ಆ ಬೆಳಿಗ್ಗೆ ಅದು ಎಲ್ಲಿರಬೇಕಿತ್ತೋ ಅಲ್ಲಿಯೇ ಇತ್ತು.

ಹೊರಗಿತ್ತು, ಕೆರಿಯಪ್ಪನವರೇ. ತಮ್ಮ ಹೆಬ್ಬೆರಳು ಹೊರಗಿತ್ತು.